ಕ್ಯಾಥೊಲಿಕ್ ವಿದ್ಯಾಪೀಠಗಳಲ್ಲಿ ಉದಾರಶಿಕ್ಷಣ: ಜೇಜುರಿಯ ಕಡೆಯಿಂದ ಒಂದು ವಿವೇಚನೆ

ಪುಣೆಯಿಂದ ಮೀರಜಕ್ಕೆ ಹೋಗುವ ರೈಲುದಾರಿಯಲ್ಲಿ ಜೇಜುರಿಯು ಒಂದು ಚಿಕ್ಕ ನಿಲ್ದಾಣ. ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳ ಕಡೆಯಿಂದ ನೌಕರಿಗಾಗಿ, ವ್ಯಾಪಾರಕ್ಕಾಗಿ, ಓದಿಗಾಗಿ ಪುಣೆಗೆ ಬಂದ ಕನ್ನಡಿಗರಲ್ಲಿ ಅನೇಕರು ಈ ದಾರಿಯನ್ನೇ ಹಿಡಿದು ಬಂದವರು. ಪುರಂದರ ತಾಲೂಕಿನ ಈ ಊರಿಗೆ ಹೆಸರು ತಂದಿರುವುದು ಅಲ್ಲಿಯ ಗುಡ್ಡದ ಮೇಲಿನ ಖಂಡೋಬಾ ದೇವಸ್ಥಾನ. ಮಹಾರಾಷ್ಟ್ರದ ಖಂಡೋಬಾ, ಕರ್ನಾಟಕದ ಮೈಲಾರಲಿಂಗ, ತೆಲುಗು ನಾಡಿನ ಮಲ್ಲಣ್ಣ—ಇವು ಒಂದೇ ದೈವದ ಬೇರೆ ಬೇರೆ ಹೆಸರುಗಳೆಂಬುದು ಭಕ್ತರಿಗೂ ವಿದ್ವಾಂಸರಿಗೂ ಸಮಾನವಾಗಿ ತಿಳಿದ ಸಂಗತಿ. ಜೇಜುರಿಯಲ್ಲಿ ಅರಿಶಿನದ ಭಂಡಾರವನ್ನು ತೂರುತ್ತ ಜನರು ಕೂಗುವ ‘ಯೆಳಕೋಟ’ ಎಂಬ ಘೋಷದಲ್ಲಿ ಕನ್ನಡದ ‘ಏಳುಕೋಟಿ’ಯೇ ಅಡಗಿದೆಯೆಂದು ಬಲ್ಲವರು ಬಿಡಿಸಿ ಹೇಳಿದ್ದಾರೆ. ಕನ್ನಡ ಬಾರದ ಬಾಯಿಗಳಲ್ಲಿಯೂ ಅಲ್ಲಿ ದಿನವೂ ಒಂದು ಕನ್ನಡ ಮಾತು ಉಳಿದುಕೊಂಡು ಬಂದಿದೆ.

ಇದೇ ಜೇಜುರಿಯು ಇಂದಿನ ಕಾಲೇಜು ವಿದ್ಯಾರ್ಥಿಗೆ ಇನ್ನೊಂದು ಬಾಗಿಲಿನಿಂದಲೂ ಪರಿಚಯವಾಗುತ್ತದೆ. ಕೊಲ್ಹಾಪುರದಲ್ಲಿ ಜನಿಸಿ, ಮರಾಠಿ ಮತ್ತು ಇಂಗ್ಲಿಷ್ ಎರಡರಲ್ಲಿಯೂ ಬರೆದ ಅರುಣ ಕೊಲಟಕರರ ‘ಜೇಜುರಿ’ ಎಂಬ ಇಂಗ್ಲಿಷ್ ಕವನಸಂಕಲನವು 1976ರಲ್ಲಿ ಹೊರಬಂದು, 1977ರಲ್ಲಿ ಕಾಮನ್‌ವೆಲ್ತ್ ಕಾವ್ಯಪ್ರಶಸ್ತಿಯನ್ನು ಪಡೆಯಿತು. ಭಾರತೀಯ ಇಂಗ್ಲಿಷ್ ಸಾಹಿತ್ಯವನ್ನು ಬೋಧಿಸುವ ಅನೇಕ ತರಗತಿಗಳಲ್ಲಿ ಅದು ಪಠ್ಯವಾಗಿದೆ. ಹೀಗಾಗಿ, ಮನೆಯಲ್ಲಿ ಮೈಲಾರಲಿಂಗನನ್ನು ಕುಲದೈವವೆಂದು ಪೂಜಿಸುವ, ಪುಣೆಯ ಸುತ್ತಿನಲ್ಲಿ ಬೆಳೆದ ಕನ್ನಡ ಹುಡುಗನೋ ಹುಡುಗಿಯೋ ಬೆಂಗಳೂರಿನ ಅಥವಾ ಮಂಗಳೂರಿನ ಕಾಲೇಜಿಗೆ ಹೋದಾಗ, ತನ್ನ ನೆರೆಯ ಊರನ್ನು ಇಂಗ್ಲಿಷ್ ಕಾವ್ಯದಲ್ಲಿ, ಸಂಶಯದ ಕಣ್ಣಿನ ಒಬ್ಬ ಪ್ರವಾಸಿಯ ನೋಟದಲ್ಲಿ, ಓದುವ ಪ್ರಸಂಗ ಬರಬಹುದು. ತರಗತಿಯ ಜೇಜುರಿಗೂ ಮನೆಯ ಮೈಲಾರಕ್ಕೂ ನಡುವೆ ಸಂಬಂಧವನ್ನು ಕಲ್ಪಿಸಿಕೊಡುವ ಶಕ್ತಿಯು ಆ ಶಿಕ್ಷಣಕ್ಕೆ ಇದೆಯೆ, ಇದ್ದರೆ ಅದು ಎಲ್ಲಿಂದ ಬರುತ್ತದೆ ಎಂಬುದು ಹೊರನಾಡಿನ ಕನ್ನಡ ಕುಟುಂಬಗಳು ವಿಚಾರಿಸಬೇಕಾದ ಪ್ರಶ್ನೆ. ಜೇಜುರಿಯಲ್ಲಿ ವಿಶ್ವವಿದ್ಯಾಲಯವಿಲ್ಲ, ಉಚ್ಚ ಶಿಕ್ಷಣಕ್ಕೆ ಊರು ಬಿಡಬೇಕು. ಹಾಗೆ ಊರು ಬಿಟ್ಟು ಹೋಗುವವರನ್ನು ಆಕರ್ಷಿಸುತ್ತಿರುವ ಸಂಸ್ಥೆಗಳಲ್ಲಿ ಖಾಸಗಿ ಕ್ಯಾಥೊಲಿಕ್ ವಿದ್ಯಾಪೀಠಗಳು ಮುಖ್ಯವಾದವು.

‘ಲಿಬರಲ್ ಆರ್ಟ್ಸ್’ ಎಂಬ ಹೆಸರನ್ನು ಕನ್ನಡದಲ್ಲಿ ‘ಉದಾರಶಿಕ್ಷಣ’ವೆಂದು ಕರೆಯಬಹುದು. ಮಧ್ಯಯುಗದ ಯುರೋಪಿನಲ್ಲಿ ವ್ಯಾಕರಣ, ತರ್ಕ, ಅಲಂಕಾರ, ಅಂಕಗಣಿತ, ರೇಖಾಗಣಿತ, ಸಂಗೀತ, ಖಗೋಳ ಎಂಬ ಏಳು ವಿದ್ಯೆಗಳು ಇದರ ಅಂಗಗಳಾಗಿದ್ದವು. ಇವುಗಳಲ್ಲಿ ಮೊದಲಿನ ಮೂರೂ ಭಾಷೆಗೆ ಸಂಬಂಧಿಸಿದವು ಎಂಬುದನ್ನು ಗಮನಿಸಬೇಕು. ಒಂದು ಕಸುಬಿಗೆ ಮಾತ್ರ ಸಿದ್ಧಪಡಿಸುವ ಶಿಕ್ಷಣಕ್ಕಿಂತ ಭಿನ್ನವಾಗಿ, ಯಾವ ಕಸುಬಿಗೆ ಹೋದರೂ ಸರಿಯಾಗಿ ಓದಿ, ವಿಚಾರಿಸಿ, ಮಾತನಾಡಬಲ್ಲ ಮನುಷ್ಯನನ್ನು ರೂಪಿಸುವುದು ಇದರ ಗುರಿ. 1540ರಲ್ಲಿ ಪೋಪರ ಅನುಮತಿ ಪಡೆದು ಸ್ಥಾಪಿತವಾದ ಯೇಸು ಸಭೆಯು 1599ರಲ್ಲಿ ತನ್ನ ಎಲ್ಲ ಕಾಲೇಜುಗಳಿಗೆ ಒಂದು ಶಿಕ್ಷಣಕ್ರಮವನ್ನು ಗೊತ್ತುಪಡಿಸಿತು. ವ್ಯಾಕರಣದಿಂದ ಸಾಹಿತ್ಯಕ್ಕೆ, ಸಾಹಿತ್ಯದಿಂದ ವಾಗ್ಮಿತೆಗೆ, ಅಲ್ಲಿಂದ ತತ್ತ್ವಶಾಸ್ತ್ರಕ್ಕೆ ವಿದ್ಯಾರ್ಥಿಯು ಮೆಟ್ಟಿಲು ಮೆಟ್ಟಿಲಾಗಿ ಏರಬೇಕೆಂಬುದು ಅದರ ತತ್ತ್ವ. ಜೆಸುಯಿಟರೆಂದು ಪ್ರಸಿದ್ಧರಾದ ಈ ಪಾದ್ರಿಗಳ ಕಾಲೇಜುಗಳಲ್ಲಿ ಭಾಷಾಭ್ಯಾಸಕ್ಕೆ ಪ್ರಾಶಸ್ತ್ಯ ಬಂದುದಕ್ಕೆ ಇದೇ ಮೂಲ.

ಭಾರತಕ್ಕೆ ಬಂದ ಜೆಸುಯಿಟರಲ್ಲಿ ಕೆಲವರು ಈ ಭಾಷಾಶ್ರದ್ಧೆಯನ್ನು ದೇಶಭಾಷೆಗಳಿಗೂ ಅನ್ವಯಿಸಿದರು. 1579ರಲ್ಲಿ ಗೋವೆಗೆ ಬಂದ ಇಂಗ್ಲೆಂಡಿನ ಥಾಮಸ್ ಸ್ಟೀಫನ್ಸರು ಮರಾಠಿ ಓವಿಗಳಲ್ಲಿ ‘ಕ್ರಿಸ್ತಪುರಾಣ’ವನ್ನು ರಚಿಸಿದರು, ಅದು 1616ರಲ್ಲಿ ಮುದ್ರಿತವಾಯಿತು. ಅವರು ಬರೆದ ಕೊಂಕಣಿ ವ್ಯಾಕರಣವು ಅವರ ಮರಣಾನಂತರ, 1640ರಲ್ಲಿ, ಅಚ್ಚಾಯಿತು. ಪೋರ್ತುಗೀಜರು ಕೊಂಕಣಿಯನ್ನು ‘ಕಾನಾರಿಂ’ ಎಂದು ಕರೆಯುತ್ತಿದ್ದುದರಿಂದ ಆ ವ್ಯಾಕರಣದ ಹೆಸರಿನಲ್ಲಿ ಕನ್ನಡದ ನೆರಳು ಬಿದ್ದಿದೆ. ಮರಾಠಿ, ಕೊಂಕಣಿ, ಕನ್ನಡಗಳ ಗಡಿಗಳು ಆ ಕಾಲದ ಪರದೇಶಿಯರ ಕಣ್ಣಿಗೆ ಎಷ್ಟು ಬೆರೆತುಕೊಂಡಿದ್ದವೆಂಬುದಕ್ಕೆ ಇದೊಂದು ನಿದರ್ಶನ.

ಕನ್ನಡ ನಾಡಿನಲ್ಲಿ ಈ ಪರಂಪರೆಯ ಮುಖ್ಯ ಸಂಸ್ಥೆಗಳು ಮೂರು. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜನ್ನು ಇಟಲಿಯ ಜೆಸುಯಿಟರು 1880ರಲ್ಲಿ ಆರಂಭಿಸಿದರು. ಬೆಂಗಳೂರಿನ ಸಂತ ಜೋಸೆಫರ ಕಾಲೇಜು 1882ರಲ್ಲಿ ಪ್ಯಾರಿಸ್ಸಿನ ವಿದೇಶ ಮಿಶನ್ನಿನ ಪಾದ್ರಿಗಳಿಂದ ಸ್ಥಾಪಿತವಾಗಿ, 1937ರಲ್ಲಿ ಜೆಸುಯಿಟರ ಆಡಳಿತಕ್ಕೆ ಬಂದಿತು. ಬೆಂಗಳೂರಿನ ಕ್ರೈಸ್ಟ್ ಕಾಲೇಜು 1969ರಲ್ಲಿ ಕೇರಳ ಮೂಲದ ಸಿ.ಎಂ.ಐ. ಸಭೆಯಿಂದ ಹುಟ್ಟಿತು. ಬಹುಕಾಲ ಇವೆಲ್ಲ ಬೇರೆ ವಿಶ್ವವಿದ್ಯಾಲಯಗಳಿಗೆ ಸೇರಿದ ಕಾಲೇಜುಗಳೇ ಆಗಿದ್ದವು. 2008ರಲ್ಲಿ ಕ್ರೈಸ್ಟ್ ಕಾಲೇಜು ವಿಶ್ವವಿದ್ಯಾಲಯವೆಂದು ಪರಿಗಣಿತವಾಯಿತು. 2022ರಲ್ಲಿ ಸಂತ ಜೋಸೆಫರ ವಿಶ್ವವಿದ್ಯಾಲಯವು ಉದ್ಘಾಟನೆಗೊಂಡಿತು. 2024ರಲ್ಲಿ ಸಂತ ಅಲೋಶಿಯಸ್ಸಿಗೂ ಪರಿಗಣಿತ ವಿಶ್ವವಿದ್ಯಾಲಯದ ಸ್ಥಾನ ದೊರೆಯಿತು. ಕ್ರೈಸ್ಟ್ ವಿಶ್ವವಿದ್ಯಾಲಯದ ಒಂದು ಶಾಖೆ ಪುಣೆ ಜಿಲ್ಲೆಯ ಲವಾಸಾದಲ್ಲಿಯೂ ಇದೆ. ಪುಣೆ ನಗರದಲ್ಲಿರುವ ಜ್ಞಾನದೀಪ ವಿದ್ಯಾಪೀಠವನ್ನು ಇವುಗಳೊಡನೆ ಗೊಂದಲಗೊಳಿಸಬಾರದು. 1893ರಲ್ಲಿ ಸಿಂಹಳದ ಕ್ಯಾಂಡಿಯಲ್ಲಿ ಆರಂಭವಾಗಿ 1955ರಲ್ಲಿ ಪುಣೆಗೆ ಬಂದ ಪೋಪರ ಸೆಮಿನರಿಯೊಡನೆ ಬೆಳೆದ ಆ ಸಂಸ್ಥೆಯ ಮುಖ್ಯ ಕಾರ್ಯ ತತ್ತ್ವಶಾಸ್ತ್ರ ಮತ್ತು ದೇವತಾಶಾಸ್ತ್ರಗಳ ಬೋಧನೆ, ಅದರಲ್ಲಿಯೂ ಗುರುದೀಕ್ಷೆಗೆ ಸಿದ್ಧರಾಗುವವರ ಶಿಕ್ಷಣ.

ಕಾಲೇಜು ವಿಶ್ವವಿದ್ಯಾಲಯವಾದುದರಿಂದ ವಿದ್ಯಾರ್ಥಿಯ ಮಟ್ಟಿಗೆ ಆಗುವ ವ್ಯತ್ಯಾಸವು ಹೆಸರಿನದಷ್ಟೇ ಅಲ್ಲ. ಸಂಯೋಜಿತ ಕಾಲೇಜಿನಲ್ಲಿ ಪಠ್ಯವನ್ನು ಗೊತ್ತುಪಡಿಸುವುದು, ಪರೀಕ್ಷೆಯನ್ನು ನಡೆಸುವುದು, ಪದವಿಯನ್ನು ಕೊಡುವುದು ಇವೆಲ್ಲ ಹೊರಗಿನ ವಿಶ್ವವಿದ್ಯಾಲಯದ ಅಧಿಕಾರ. ಮಂಗಳೂರಿನ ಕಾಲೇಜು ಮೊದಲು ಮದ್ರಾಸು ವಿಶ್ವವಿದ್ಯಾಲಯದ ಪಠ್ಯಕ್ರಮವನ್ನು ಅನುಸರಿಸಬೇಕಾಗಿತ್ತು. ಮೈಸೂರು, ಬೆಂಗಳೂರು, ಮಂಗಳೂರು ವಿಶ್ವವಿದ್ಯಾಲಯಗಳು ಆಮೇಲೆ ಬಂದವು. ಈಗ ಈ ಅಧಿಕಾರಗಳು ಬಹುಮಟ್ಟಿಗೆ ಸಂಸ್ಥೆಯ ಕೈಗೇ ಬಂದಿವೆ. ಹೊಸ ವಿಷಯಗಳನ್ನು ಬೇಗನೆ ಸೇರಿಸುವ ಅನುಕೂಲ ಇದರಿಂದ ಉಂಟಾಗಿದೆ. ಅದರ ಜೊತೆಗೆ, ಕನ್ನಡವನ್ನು ಎಷ್ಟು ಕಲಿಸಬೇಕು, ಯಾರಿಗೆ ಕಲಿಸಬೇಕು ಎಂಬ ನಿರ್ಣಯವೂ ಹಿಂದಿಗಿಂತ ಹೆಚ್ಚಾಗಿ ಆಯಾ ಸಂಸ್ಥೆಯ ಮನೋಧರ್ಮವನ್ನು ಅವಲಂಬಿಸಿದೆ. 2021ರಲ್ಲಿ ಕರ್ನಾಟಕ ಸರಕಾರವು ಪದವಿ ತರಗತಿಗಳಲ್ಲಿ ಕನ್ನಡವನ್ನು ಕಡ್ಡಾಯಗೊಳಿಸಿ ಆದೇಶ ಹೊರಡಿಸಿದಾಗ ವಿವಾದವೆದ್ದು, 2022ರಲ್ಲಿ ಉಚ್ಚ ನ್ಯಾಯಾಲಯವು ಮಧ್ಯಂತರ ಆದೇಶದ ಮೂಲಕ ಆ ಕಡ್ಡಾಯವನ್ನು ತಡೆಹಿಡಿಯಿತು. ಕಾನೂನಿನ ಬಲದಿಂದ ಮಾತ್ರ ಭಾಷೆಯನ್ನು ತರಗತಿಯೊಳಗೆ ನಿಲ್ಲಿಸುವುದು ಸುಲಭವಲ್ಲವೆಂಬುದು ಇದರಿಂದ ವ್ಯಕ್ತವಾಯಿತು.

ಈ ಸಂಸ್ಥೆಗಳಲ್ಲಿ ಓದುವ ಕ್ರಮವನ್ನು ಸ್ಥೂಲವಾಗಿ ಹೀಗೆ ವಿವರಿಸಬಹುದು. ಬೆಂಗಳೂರಿನ ಬಿ.ಎ. ತರಗತಿಗಳಲ್ಲಿ ಮೂರು ವಿಷಯಗಳನ್ನು ಸಮಸಮವಾಗಿ ಓದುವ ಪದ್ಧತಿ ಬಹುಕಾಲದಿಂದ ರೂಢಿಯಲ್ಲಿ ಬಂದಿತು: ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಒಂದು ಕೂಟ, ಮನಶ್ಶಾಸ್ತ್ರ, ಸಮಾಜಶಾಸ್ತ್ರ, ಇಂಗ್ಲಿಷ್ ಸಾಹಿತ್ಯ ಇನ್ನೊಂದು. ಒಂದೇ ವಿಷಯದಲ್ಲಿ ಮುಳುಗುವ ಮೊದಲು ಮೂರು ದಿಕ್ಕುಗಳಿಂದ ಸಮಾಜವನ್ನು ನೋಡುವ ಅಭ್ಯಾಸ ಇದರಿಂದ ಬೆಳೆಯುತ್ತದೆ. ಇವುಗಳ ಜೊತೆಗೆ ಇಂಗ್ಲಿಷ್ ಭಾಷೆ ಮತ್ತು ಎರಡನೆಯ ಒಂದು ಭಾಷೆ. ಈ ಎರಡನೆಯ ಭಾಷೆಯ ಸ್ಥಾನದಲ್ಲಿ ಕನ್ನಡ, ಹಿಂದಿ, ಸಂಸ್ಕೃತ, ಫ್ರೆಂಚ್ ಅಥವಾ ಹೆಚ್ಚಿನ ಇಂಗ್ಲಿಷ್—ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳುವ ಅವಕಾಶ ಸಾಮಾನ್ಯವಾಗಿ ಇರುತ್ತದೆ. ಪ್ರವೇಶಪತ್ರದ ಈ ಒಂದು ಕಲಮಿನಲ್ಲಿಯೇ ಹೊರನಾಡಿನ ಕನ್ನಡಿಗರ ಸಮಸ್ಯೆಯೆಲ್ಲ ಅಡಗಿದೆ.

ಮಹಾರಾಷ್ಟ್ರದ ಶಾಲೆಯಲ್ಲಿ ಮರಾಠಿ ಮತ್ತು ಹಿಂದಿಗಳನ್ನು ಓದಿದ ವಿದ್ಯಾರ್ಥಿಗೆ ಕನ್ನಡ ಮನೆಮಾತಾಗಿದ್ದರೂ ಲಿಪಿ ಬರುವುದಿಲ್ಲ, ಇಲ್ಲವೆ ಬಂದರೂ ತಡವರಿಸಿ ಓದುವಷ್ಟು ಬರುತ್ತದೆ. ಪಂಪ, ರನ್ನ, ಕುಮಾರವ್ಯಾಸರ ಪಾಠಗಳಿರುವ ಪತ್ರಿಕೆಯನ್ನು ಆರಿಸಿಕೊಂಡರೆ ಅಂಕಗಳು ಕಡಮೆಯಾಗುವ ಭಯ. ಆದುದರಿಂದ ಆತನು ಹಿಂದಿಯನ್ನೋ ಫ್ರೆಂಚನ್ನೋ ಹಿಡಿಯುತ್ತಾನೆ. ಕುಟುಂಬದವರೂ ಇದನ್ನು ವಿವೇಕವೆಂದೇ ಭಾವಿಸುತ್ತಾರೆ. ಪರಿಣಾಮವಾಗಿ, ಕನ್ನಡ ನಾಡಿನ ರಾಜಧಾನಿಯಲ್ಲಿ ಮೂರು ವರ್ಷ ಉದಾರಶಿಕ್ಷಣವನ್ನು ಪಡೆದರೂ, ಊರಿನಿಂದ ಬರುವಾಗ ಎಷ್ಟು ಕನ್ನಡವಿತ್ತೋ ಅಷ್ಟರಿಂದಲೇ, ಕೆಲವೊಮ್ಮೆ ಅದಕ್ಕಿಂತ ಕಡಮೆಯಿಂದ, ಆತನು ಹಿಂದಿರುಗುತ್ತಾನೆ. ಇದಕ್ಕೆ ಸಂಸ್ಥೆಯೊಂದನ್ನೇ ಹೊಣೆಮಾಡುವುದು ನ್ಯಾಯವಲ್ಲ. ಕಲಮು ಖಾಲಿಯಿತ್ತು, ಅದನ್ನು ತುಂಬಿದವರು ಮನೆಯವರು.

ಇಂಗ್ಲಿಷ್ ಮಾಧ್ಯಮದ ಕ್ಯಾಥೊಲಿಕ್ ಕಾಲೇಜಿನಲ್ಲಿ ಕನ್ನಡಕ್ಕೆ ಸ್ಥಾನವೇ ಇರುವುದಿಲ್ಲವೆಂಬ ಸಾಮಾನ್ಯ ನಂಬಿಕೆಯನ್ನು ಇತಿಹಾಸವು ಸಮರ್ಥಿಸುವುದಿಲ್ಲ. ಮೂರು ಉದಾಹರಣೆಗಳು ಇಲ್ಲಿ ಸಾಕು.

ಮೊದಲನೆಯದು ಮಂಗಳೂರಿನದು. ‘ನಾಡೋಜ ಪಂಪ’ವೆಂಬ ವಿಮರ್ಶಾಗ್ರಂಥದಿಂದ ಪಂಪನ ಅಧ್ಯಯನಕ್ಕೆ ಹೊಸ ದಾರಿಯನ್ನು ತೋರಿದ ಮುಳಿಯ ತಿಮ್ಮಪ್ಪಯ್ಯನವರು ಸಂತ ಅಲೋಶಿಯಸ್ ಕಾಲೇಜಿನಲ್ಲಿ ಕನ್ನಡ ಪಂಡಿತರಾಗಿದ್ದರು. ಕನ್ನಡ ವ್ಯಾಕರಣ, ಛಂದಸ್ಸುಗಳಲ್ಲಿ ಆಳವಾದ ಸಂಶೋಧನೆ ನಡೆಸಿದ ಸೇಡಿಯಾಪು ಕೃಷ್ಣಭಟ್ಟರೂ ಅದೇ ಸಂಸ್ಥೆಯಲ್ಲಿ ಕನ್ನಡವನ್ನು ಬೋಧಿಸಿದರು. ಪಾಶ್ಚಾತ್ಯ ಪಾದ್ರಿಗಳು ಕಟ್ಟಿದ, ಇಟಲಿಯ ಸಹೋದರ ಮೊಸ್ಕೇನಿಯು ಚಿತ್ರಿಸಿದ ಪ್ರಾರ್ಥನಾಮಂದಿರವಿರುವ ಆ ಬೆಟ್ಟದ ಮೇಲೆ ಹಳಗನ್ನಡದ ವಿದ್ವತ್ತೂ ನೆಲೆನಿಂತಿತು.

ಎರಡನೆಯದು ಮುಂಬಯಿಯದು. 1869ರಲ್ಲಿ ಸ್ಥಾಪಿತವಾದ ಸಂತ ಝೇವಿಯರ ಕಾಲೇಜಿಗೆ 1922ರಲ್ಲಿ ಬಂದ ಸ್ಪೇನಿನ ಪಾದ್ರಿ ಹೆನ್ರಿ ಹೇರಾಸರು 1926ರಲ್ಲಿ ಅಲ್ಲಿ ಭಾರತೀಯ ಇತಿಹಾಸ ಸಂಶೋಧನ ಸಂಸ್ಥೆಯನ್ನು ತೆರೆದರು. ವಿಜಯನಗರದ ಅರವೀಡು ವಂಶವನ್ನು ಕುರಿತ ಅವರ ಗ್ರಂಥವು 1927ರಲ್ಲಿ ಪ್ರಕಟವಾಯಿತು. ಅವರ ಮಾರ್ಗದರ್ಶನದಲ್ಲಿ ಸಿದ್ಧರಾದ ಜಾರ್ಜ್ ಮೊರಾಯಿಸರು 1931ರಲ್ಲಿ ‘ಕದಂಬಕುಲ’ವೆಂಬ ಇಂಗ್ಲಿಷ್ ಗ್ರಂಥವನ್ನು ಹೊರತಂದರು. ಬನವಾಸಿಯ ಇತಿಹಾಸವನ್ನು ಅರಿಯಬಯಸುವವರು ಇಂದಿಗೂ ಅದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಕನ್ನಡ ನಾಡಿನ ಮೊದಲ ರಾಜವಂಶದ ವಿಸ್ತಾರವಾದ ಇತಿಹಾಸವು ಮುಂಬಯಿಯ ಕ್ಯಾಥೊಲಿಕ್ ಕಾಲೇಜೊಂದರ ಸಂಶೋಧನಪರಂಪರೆಯಿಂದ ಹುಟ್ಟಿತೆಂಬುದು ಹೊರನಾಡಿನ ಕನ್ನಡಿಗರು ನೆನಪಿನಲ್ಲಿಡಬೇಕಾದ ಸಂಗತಿ.

ಮೂರನೆಯದು ಬೆಂಗಳೂರಿನದು. ನಾಟಕಕಾರರೂ ಕನ್ನಡ ಅಧ್ಯಾಪಕರೂ ಆಗಿದ್ದ ಚಿ. ಶ್ರೀನಿವಾಸರಾಜು ಅವರು ಕ್ರೈಸ್ಟ್ ಕಾಲೇಜಿನಲ್ಲಿ 1972ರಲ್ಲಿ ಕನ್ನಡ ಸಂಘವನ್ನು ಕಟ್ಟಿದರು. ವಿದ್ಯಾರ್ಥಿಗಳಿಂದ ಕವನ, ಕತೆ, ಲೇಖನಗಳನ್ನು ಬರೆಯಿಸಿ, ಸ್ಪರ್ಧೆಗಳನ್ನು ನಡೆಸಿ, ಎಳೆಯ ಲೇಖಕರ ಪುಸ್ತಕಗಳನ್ನು ಪ್ರಕಟಿಸುವ ಕಾರ್ಯವನ್ನು ಆ ಸಂಘವು ಕೈಗೊಂಡಿತು. ಕನ್ನಡದ ವಾತಾವರಣ ವಿರಳವಾಗಿದ್ದ ಕಾಲೇಜೊಂದರ ಹೆಸರು ಕರ್ನಾಟಕದ ಮೂಲೆಮೂಲೆಯ ಎಳೆಯ ಕವಿಗಳಿಗೆ ಪರಿಚಿತವಾದುದು ಈ ಪ್ರಕಟಣೆಗಳಿಂದ. 2007ರಲ್ಲಿ ಶ್ರೀನಿವಾಸರಾಜು ಅವರು ತೀರಿಕೊಂಡರು.

ಈ ಮೂರು ಉದಾಹರಣೆಗಳಿಗೂ ಸಾಮಾನ್ಯವಾದ ಅಂಶವೊಂದಿದೆ. ಪಠ್ಯಕ್ರಮದಲ್ಲಿ ಕನ್ನಡಕ್ಕಿದ್ದ ಸ್ಥಾನ ಅಷ್ಟು ದೊಡ್ಡದಾಗಿರಲಿಲ್ಲ. ಝೇವಿಯರದಲ್ಲಿಯಂತೂ ಅಭ್ಯಾಸದ ಭಾಷೆ ಇಂಗ್ಲಿಷೇ. ಆದರೂ ಒಬ್ಬ ಶ್ರದ್ಧಾವಂತ ಅಧ್ಯಾಪಕ, ಆತನ ಸುತ್ತ ಕೆಲವು ವಿದ್ಯಾರ್ಥಿಗಳು, ಅವರಿಗೆ ಅಡ್ಡಬಾರದ ಆಡಳಿತ—ಈ ಮೂರು ಕೂಡಿದಲ್ಲಿ ಕಾರ್ಯ ನಡೆದಿದೆ. ಉದಾರಶಿಕ್ಷಣದ ಸಂಸ್ಥೆಗಳು ಒದಗಿಸುವುದು ಗ್ರಂಥಾಲಯ, ಅವಕಾಶ, ಪ್ರಶ್ನಿಸುವ ಸ್ವಾತಂತ್ರ್ಯ. ಅವುಗಳಿಂದ ಕನ್ನಡದ ಕಾರ್ಯವನ್ನು ಪಡೆಯಬೇಕಾದವನು ವಿದ್ಯಾರ್ಥಿ. ದಾರಿಯನ್ನು ತೋರಬೇಕಾದವನು ಗುರು. ಆದುದರಿಂದ ಸಂಸ್ಥೆಯನ್ನು ಆರಿಸುವಾಗ ಅದರ ಕೀರ್ತಿ, ಕಟ್ಟಡ, ನೌಕರಿಯ ಭರವಸೆಗಳನ್ನು ವಿಚಾರಿಸುವಂತೆಯೇ, ಅಲ್ಲಿ ಕನ್ನಡ ವಿಭಾಗವಿದೆಯೆ, ಅಧ್ಯಾಪಕರು ಎಷ್ಟು ಜನ, ಕನ್ನಡ ಸಂಘವು ನಡೆಯುತ್ತಿದೆಯೆ, ಕನ್ನಡ ಬಾರದವರಿಗೆ ಆರಂಭದ ಪಾಠಗಳಿವೆಯೆ ಎಂಬುದನ್ನೂ ವಿಚಾರಿಸುವುದು ಅವಶ್ಯಕ.

ಜೇಜುರಿಯ ಉದಾಹರಣೆಗೆ ಮರಳಿದರೆ ಇದರ ಪ್ರಯೋಜನವು ಸ್ಪಷ್ಟವಾಗುತ್ತದೆ. ಕೊಲಟಕರರ ಕಾವ್ಯವನ್ನು ತರಗತಿಯಲ್ಲಿ ಓದಿದ ವಿದ್ಯಾರ್ಥಿಗೆ ಕನ್ನಡವೂ ಮರಾಠಿಯೂ ಬರುತ್ತಿದ್ದರೆ ಆತನ ಮುಂದೆ ದೊಡ್ಡ ಕ್ಷೇತ್ರವೇ ತೆರೆದಿದೆ. ಜೇಜುರಿಯಲ್ಲಿ ಖಂಡೋಬಾನ ಸೇವಕರು ವಾಘ್ಯಾ ಮತ್ತು ಮುರಳಿಯರು. ಮೈಲಾರದಲ್ಲಿ ಕಂಬಳಿ ಹೊದ್ದು ಡಮರು ಹಿಡಿದ ಗೊರವರು. ವಾಘ್ಯಾನೂ ಗೊರವನೂ ದೇವರ ನಾಯಿಗಳಂತೆ ವರ್ತಿಸುವ ಆಚರಣೆ ಎರಡೂ ಕಡೆ ಇದೆ. ಅಲ್ಲಿ ವಾಣಿಗರ ಮ್ಹಾಳಸಾ ಮತ್ತು ಧನಗರರ ಬಾಣಾಈ ದೇವರ ಪತ್ನಿಯರು. ಇಲ್ಲಿ ಗಂಗಿಮಾಳವ್ವ ಮತ್ತು ಕುರುಬರ ಕುಲದ ಹೆಣ್ಣು. ಅಲ್ಲಿ ಸೋಮವತಿ ಅಮಾವಾಸ್ಯೆಗೆ ಪಲ್ಲಕ್ಕಿಯು ಕರ್ಹಾ ನದಿಗೆ ಇಳಿಯುತ್ತದೆ. ಇಲ್ಲಿ ಹೂವಿನಹಡಗಲಿ ತಾಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯನು ಬಿಲ್ಲನ್ನೇರಿ ಕಾರಣಿಕವನ್ನು ನುಡಿಯುತ್ತಾನೆ. ರಾಣೆಬೆನ್ನೂರು ತಾಲೂಕಿನ ದೇವರಗುಡ್ಡ, ಬೀದರ ಜಿಲ್ಲೆಯ ಮೈಲಾರ, ಬೆಳಗಾವಿ ಜಿಲ್ಲೆಯ ಮಂಗಸೂಳಿ, ಸಾತಾರಾದ ಪಾಲಿ, ನಳದುರ್ಗ—ಈ ಕ್ಷೇತ್ರಗಳನ್ನು ಒಂದೇ ನಕ್ಷೆಯ ಮೇಲೆ ಇಟ್ಟು ನೋಡಿದರೆ ಎರಡು ರಾಜ್ಯಗಳ ಗಡಿಯು ಕುರಿಗಾಹಿಗಳ, ವ್ಯಾಪಾರಿಗಳ ಹಳೆಯ ದಾರಿಗಳನ್ನು ಕಡಿದುಹಾಕಿಲ್ಲವೆಂಬುದು ಕಾಣುತ್ತದೆ.

ಈ ಕ್ಷೇತ್ರದಲ್ಲಿ ದುಡಿದವರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ಗುಂಥರ್ ಸೋಂಥೈಮರರು ಪ್ರಮುಖರು. ಬಿರೋಬಾ, ಮ್ಹಸ್ಕೋಬಾ, ಖಂಡೋಬಾರನ್ನು ಕುರಿತ ಅವರ ಗ್ರಂಥವು 1976ರಲ್ಲಿ ಜರ್ಮನಿನಲ್ಲಿಯೂ 1989ರಲ್ಲಿ ಇಂಗ್ಲಿಷಿನಲ್ಲಿಯೂ ಪ್ರಕಟವಾಯಿತು. ಮರಾಠಿಯಲ್ಲಿ ರಾ. ಚಿಂ. ಢೇರೆಯವರು ಖಂಡೋಬಾನನ್ನು ವಿಸ್ತಾರವಾಗಿ ಅಭ್ಯಸಿಸಿದರು. ಕನ್ನಡದಲ್ಲಿ, ಧಾರವಾಡದ ಶಾಲೆಯೊಂದರ ಶಿಕ್ಷಕರಾಗಿದ್ದ ಶಂ. ಬಾ. ಜೋಶಿಯವರು ಮಹಾರಾಷ್ಟ್ರ-ಕರ್ನಾಟಕಗಳ ಸಂಬಂಧವನ್ನು ಶೋಧಿಸಿ ಮರಾಠಿಯಲ್ಲಿಯೂ ಗ್ರಂಥರಚನೆ ಮಾಡಿದರು. ಜರ್ಮನ್ ವಿದ್ವಾಂಸರು ಕಷ್ಟಪಟ್ಟು ಕಲಿತ ಭಾಷೆಗಳು ಜೇಜುರಿಯ ಕನ್ನಡ ಮನೆಯ ಹುಡುಗನ ಕಿವಿಗೆ ಹುಟ್ಟಿನಿಂದಲೇ ಬಿದ್ದಿರುತ್ತವೆ. ಸಮಾಜಶಾಸ್ತ್ರ, ಇತಿಹಾಸ, ಸಾಹಿತ್ಯಗಳನ್ನು ಒಟ್ಟಿಗೆ ಬೋಧಿಸುವ ವಿದ್ಯಾಪೀಠವು ಇಂಥ ವಿದ್ಯಾರ್ಥಿಗೆ ಶಾಸ್ತ್ರೀಯ ವಿಧಾನವನ್ನು ಕೊಡಬಲ್ಲುದು. ಅದನ್ನು ಪ್ರಯೋಗಿಸುವ ಸಾಮಗ್ರಿಯು ಮಾತ್ರ ಆತನ ಮನೆಯಲ್ಲಿಯೇ ಇದೆ. ಕನ್ನಡ ಲಿಪಿ ಬಾರದಿದ್ದರೆ ಅದರ ಅರ್ಧಭಾಗ ಮುಚ್ಚಿಯೇ ಉಳಿಯುತ್ತದೆ.

ಹಿರಿಯರ ಮನಸ್ಸಿನಲ್ಲಿ ಇನ್ನೆರಡು ಶಂಕೆಗಳು ಇರುವುದು ಸಹಜ. ಒಂದು, ಧರ್ಮವನ್ನು ಕುರಿತದ್ದು. ಸಂವಿಧಾನದ 30ನೆಯ ಅನುಚ್ಛೇದವು ಅಲ್ಪಸಂಖ್ಯಾತರಿಗೆ ತಮ್ಮ ವಿದ್ಯಾಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಕೊಟ್ಟಿದೆ. ಹಾಗೆಯೇ, ಸರಕಾರದ ಮನ್ನಣೆ ಅಥವಾ ನೆರವು ಪಡೆದ ಸಂಸ್ಥೆಯಲ್ಲಿ ಓದುವವರನ್ನು ಅವರ ಸಮ್ಮತಿಯಿಲ್ಲದೆ, ಅಪ್ರಾಪ್ತವಯಸ್ಕರಾದರೆ ಪೋಷಕರ ಸಮ್ಮತಿಯಿಲ್ಲದೆ, ಧಾರ್ಮಿಕ ಬೋಧೆಗಾಗಲಿ ಪೂಜೆಗಾಗಲಿ ಒಳಪಡಿಸಬಾರದೆಂದು 28ನೆಯ ಅನುಚ್ಛೇದವು ಸ್ಪಷ್ಟವಾಗಿ ಹೇಳುತ್ತದೆ. ಎರಡನೆಯ ಶಂಕೆ ಖರ್ಚಿನದು. ಇದು ಹೆಚ್ಚು ವಾಸ್ತವವಾದುದು. ಅಧ್ಯಾಪಕರ ಸಂಬಳವನ್ನು ಸರಕಾರವು ಕೊಡುತ್ತಿದ್ದ ಅನುದಾನಿತ ತರಗತಿಗಳಲ್ಲಿ ಶುಲ್ಕ ಹಗುರವಾಗಿತ್ತು. ಸ್ವಂತ ಆದಾಯದಿಂದ ನಡೆಯಬೇಕಾದ ಹೊಸ ತರಗತಿಗಳಲ್ಲಿ ಭಾರವೆಲ್ಲ ವಿದ್ಯಾರ್ಥಿಯ ಮೇಲೆಯೇ ಬೀಳುತ್ತದೆ; ಇದರೊಡನೆ ವಸತಿಯ ವೆಚ್ಚವೂ ಸೇರುತ್ತದೆ. ಇಷ್ಟು ಹಣವನ್ನು ತೆತ್ತು ಪಡೆಯುವ ಶಿಕ್ಷಣದಲ್ಲಿ ಭಾಷೆಯ ಆಯ್ಕೆಯನ್ನು ಅಂಕಗಳ ಲೆಕ್ಕಕ್ಕೆ ಬಿಟ್ಟುಕೊಡುವುದು ಸರಿಯೆ ಎಂಬುದನ್ನು ಪ್ರತಿ ಕುಟುಂಬವೂ ಆಲೋಚಿಸಬೇಕು.

ಹೊರನಾಡಿನ ಕನ್ನಡ ಸಂಘಗಳಿಗೆ ಇಲ್ಲಿ ಮಾಡಬಹುದಾದ ಕೆಲಸವಿದೆ. ನಾಟಕ, ನಾಡಹಬ್ಬಗಳ ಜೊತೆಗೆ, ಹನ್ನೆರಡನೆಯ ತರಗತಿ ಮುಗಿಸಿ ಕಾಲೇಜು ಸೇರುವವರೆಗಿನ ಎರಡು ಮೂರು ತಿಂಗಳ ಬಿಡುವಿನಲ್ಲಿ ಲಿಪಿ ಮತ್ತು ಸರಳ ಓದಿನ ತರಗತಿಗಳನ್ನು ನಡೆಸಬಹುದು. ದೇವನಾಗರಿ ಬಲ್ಲ ವಿದ್ಯಾರ್ಥಿಗೆ ಕನ್ನಡದ ವರ್ಣಮಾಲೆಯ ಕ್ರಮ ಬಹುಮಟ್ಟಿಗೆ ಪರಿಚಿತವೇ. ಹೊಸದಾಗಿ ಕಲಿಯಬೇಕಾದುದು ಅಕ್ಷರದ ರೂಪ, ಒತ್ತಕ್ಷರಗಳು, ಹಾಗೂ ಎ-ಏ, ಒ-ಓಗಳಲ್ಲಿಯ ಹ್ರಸ್ವದೀರ್ಘಗಳ ಭೇದ. ಮನೆಮಾತು ಕನ್ನಡವಾಗಿದ್ದವರಿಗೆ ಇದು ಕೆಲವೇ ವಾರಗಳ ಕೆಲಸ. ಆ ಕೆಲವು ವಾರಗಳ ಸಿದ್ಧತೆಯುಳ್ಳ ವಿದ್ಯಾರ್ಥಿಯು ಪ್ರವೇಶಪತ್ರದ ಭಾಷೆಯ ಕಲಮಿನಲ್ಲಿ ‘ಕನ್ನಡ’ವೆಂದು ಬರೆಯಲು ಅಂಜುವುದಿಲ್ಲ.